ತೊಟ್ಟವರ ಎಡ

ಬಾಯಲ್ಲಿ ಎರಡು ಗುಂಡುಸೂಜಿ, ಕೊರಳಿಗೆ ಟೇಪು, ತೊಡೆಯ ಮೇಲೆ ಯಾರದೋ ಕೋಟು. ಟೈಲರಮ್ಮ ಹೀಗೆ ಕೂತಿದ್ದರೆ ಅವಳಿಂದ ಉತ್ತರ ಬರುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು. ಮಗಳಿಗಂತೂ ಹುಟ್ಟಿದಾಗಿನಿಂದ ಗೊತ್ತು. ಚೂಟಿ ಆ ಹೊತ್ತನ್ನೇ ಹೊಂಚಿ ನೋಡಿ ಮಾತು ತೆಗೆದಳು.

"ಅಮ್ಮಾ, ನನ್ನ ಗೇಮ್ ಮಷಿನ್ ಅತ್ತೆ ಮಗಳಿಗೆ ಕೊಟ್ಟುಬಿಡೋಣ. ಅತ್ತೆಗೆ ಫೋನ್ ಮಾಡಿ ಹೇಳಿಯೂ ಆಯ್ತು. ಭಾನುವಾರ ಬಂದು ತಗೊಂಡು ಹೋಗ್ತಾರಂತೆ."

ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಮಗಳ ಮುಖ ನೋಡಿದಳು. ಅಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಳೆ ಪತ್ರಿಕೆಗಳನ್ನು ರದ್ದಿಗೆ ಕಟ್ಟುವಾಗ ಜನರ ಮುಖ ಹೇಗಿರುತ್ತದೋ ಹಾಗಿತ್ತು. ಅದನ್ನು ಕಂಡು ತಾಯಿ ತೊಡೆಯ ಮೇಲಿನ ಕೋಟನ್ನು ಪಕ್ಕಕ್ಕಿಟ್ಟಳು.

ಚೂಟಿಗೆ ಹದಿಮೂರು ವರ್ಷ. ಒಂದು ಕಾಲದಲ್ಲಿ ಹೆಸರಿಗೆ ತಕ್ಕ ಹುಡುಗಿ. ಮಾತಿಗೆ ಮುಂದು, ಮೆಟ್ಟಿಲಿಗೆ ಮುಂದು, ವ್ಯಾನು ನಿಲ್ಲುವ ಮೊದಲೇ ಇಳಿಯಲು ಮುಂದು. ಕಳೆದ ವರ್ಷ ಶಾಲೆಯ ವ್ಯಾನಿನ ಜಾರುಬಾಗಿಲು ಅವಳ ಬಲಗೈ ಮೇಲೆ ಬಿದ್ದು ಮುಚ್ಚಿಕೊಂಡಿತು. ಮೂಳೆ ಕೂಡಿತು, ಗಾಯ ಮಾಯಿತು. ಆದರೆ ಹೆಬ್ಬೆರಳು ಮಾತ್ರ ಹಟ ಹಿಡಿದುಬಿಟ್ಟಿತು. ಅತ್ತಿತ್ತ ಸರಿಯುತ್ತದೆ, ಸುತ್ತ ತಿರುಗುತ್ತದೆ, ಕೆಳಗೆ ಒತ್ತು ಎಂದರೆ ಒತ್ತುವುದಿಲ್ಲ. ಡಾಕ್ಟರು ಇಷ್ಟೇ ಎಂದು ಹೇಳಿ ಕೈ ತೊಳೆದುಕೊಂಡರು.

ಚೂಟಿ ಎಡಗೈಯಲ್ಲಿ ಬರೆಯಲು ಕಲಿತಳು. ಆಮೇಲೆ ಒಂದು ದಿನ ಬ್ಯಾಡ್ಮಿಂಟನ್ ಬ್ಯಾಟು ಪಕ್ಕದ ಮನೆಗೆ ಹೋಯಿತು. ಇನ್ನೊಂದು ದಿನ ಬಣ್ಣದ ಪೆಟ್ಟಿಗೆ ಗೆಳತಿಯ ಚೀಲ ಸೇರಿತು. ಕೊಡುವ ಮನಸ್ಸು ದೊಡ್ಡದು ಎಂದುಕೊಂಡು ಟೈಲರಮ್ಮ ಸುಮ್ಮನಿದ್ದಳು. ಈಗ ಅವಳಿಗೆ ಹೊಳೆಯಿತು. ಹುಡುಗಿ ತನ್ನನ್ನೇ ಒಂದೊಂದು ತುಂಡಾಗಿ ಮನೆಯಿಂದ ಹೊರಗೆ ಸಾಗಿಸುತ್ತಿದ್ದಾಳೆ. ಮಷಿನ್ನು ಹೋದರೆ ಹೋಗಲಿ, ಅದು ಪ್ಲಾಸ್ಟಿಕ್ಕು. ಅದರ ಹಿಂದೆ ಏನು ಹೋಗುತ್ತದೆ ಎಂಬುದು ಪ್ರಶ್ನೆ.

"ಎಲ್ಲಿಟ್ಟಿದೀಯ ಅದನ್ನ?"

"ಕಪಾಟಿನ ಎಡಗಡೆ ಡ್ರಾಯರು."

ಟೈಲರಮ್ಮ ಎದ್ದು ಹೋಗಿ ಬಲಗಡೆಯದನ್ನು ಎಳೆದಳು. ಒಳಗೆ ಬರೀ ಕಾಲುಚೀಲ.

"ಅಮ್ಮಾ! ನನ್ನ ಎಡ. ಕಪಾಟಿನ ಎಡ ಅಲ್ಲ!"

ಇದು ಆ ಮನೆಯ ಹಳೆಯ ಜಗಳ. ಇಪ್ಪತ್ತು ವರ್ಷದಿಂದ ಎದುರಿಗೆ ನಿಂತವರ ಅಳತೆ ತೆಗೆದವಳಿಗೆ ಎಡ ಎಂದರೆ ತೊಟ್ಟವರ ಎಡ. ಮೇಜಿನ ಮೇಲೆ ಅಂಗಾತ ಮಲಗಿದ ಅಂಗಿಯೊಳಗೂ ಯಾರೋ ಒಬ್ಬರಿದ್ದಾರೆ, ಅವರ ಮುಖ ತನ್ನ ಕಡೆಗಿದೆ ಎಂದೇ ಅವಳ ಲೆಕ್ಕ. ಅಂಗಿಗಾದರೆ ಸರಿ. ಅವಳ ಮಟ್ಟಿಗೆ ಕಪಾಟಿಗೂ ಎಡಗೈ ಇತ್ತು, ಒಲೆಗೂ ಇತ್ತು. ಗಂಡ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು, ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಾನೆ. "ಎಡಗಡೆ ಒಲೆ ಆರಿಸಿ" ಎಂದು ಇವಳು ಹೇಳಿದರೆ ತನ್ನ ಎಡಗಡೆಯದನ್ನು ಆರಿಸಿ ಬೈಸಿಕೊಳ್ಳುತ್ತಾನೆ.

ಆ ಮಷಿನ್ನು ತಂದವನೂ ಅವನೇ. ಯಾವುದೋ ಬಂದರಿನಲ್ಲಿ ಕೊಂಡದ್ದು. ಎರಡು ಅಂಗೈ ಜೋಡಿಸಿ ಹಿಡಿಯುವಷ್ಟು ಅಗಲ. ನಡುವೆ ಪರದೆ, ಆ ಕಡೆ ಈ ಕಡೆ ನಾಲ್ಕು ನಾಲ್ಕು ಗುಂಡಿ, ಪ್ರತಿ ನಾಲ್ಕರ ಪಕ್ಕ ಹೆಬ್ಬೆರಳಿನಿಂದ ತಿರುಗಿಸುವ ಒಂದೊಂದು ಕಡ್ಡಿ. ಅದರ ತಲೆ ಅಣಬೆಯಂತಿದ್ದುದರಿಂದ ಚೂಟಿ ಅದಕ್ಕೆ ಅಣಬೆ ಎಂದೇ ಹೆಸರಿಟ್ಟಿದ್ದಳು. ಅದರಲ್ಲಿ ಅವಳು ಆಡುತ್ತಿದ್ದುದು ಒಂದೇ ಆಟ. ತಲೆಗೆ ದೀಪ ಕಟ್ಟಿಕೊಂಡ ಹೆಗ್ಗಣಗಳು ನೆಲದಡಿಯಲ್ಲಿ ಸುರಂಗ ಕೊರೆಯುತ್ತವೆ. ಎಡಗೈಯ ಅಣಬೆಯಿಂದ ನಡೆಸಬೇಕು. ಅಗೆಯುವುದು, ಹಾರುವುದು, ಕಲ್ಲು ಒಡೆಯುವುದು, ದೀಪ ಹಚ್ಚುವುದು ಬಲಗೈಯ ನಾಲ್ಕು ಗುಂಡಿ. ನಾಲ್ವರು ಗೆಳತಿಯರು ಸೇರಿ ಒಂಬತ್ತನೇ ಬಿಲದ ಬಾಗಿಲವರೆಗೆ ತೋಡಿದ್ದರು. ಮೂವರು ಈಗಲೂ ಅಲ್ಲೇ ಇದ್ದಾರೆ. ನಾಲ್ಕನೆಯ ಹೆಗ್ಗಣ ಒಂದು ವರ್ಷದಿಂದ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದೆ.

"ಸರಿ. ಭಾನುವಾರ ತಾನೇ ಕೊಡೋದು?" ಎಂದಳು ಟೈಲರಮ್ಮ. "ಅಲ್ಲಿವರೆಗೂ ಇದು ನನ್ನದು."

"ನೀನೇನು ಆಡ್ತೀಯಾ?"

"ಆಡ್ತೀನೋ ಒಡೀತೀನೋ, ನಿನಗ್ಯಾಕೆ? ನೀನು ಕೊಟ್ಟಾಯ್ತಲ್ಲ."

ಅಂದು ಮಂಗಳವಾರ.

ಬುಧವಾರ ಇಸ್ತ್ರಿ ಮುಗಿಸಿ, ಒಗೆದ ಬಟ್ಟೆ ಹರವಿ, ಟೈಲರಮ್ಮ ಸರ್ವಿಸ್ ಸೆಂಟರಿಗೆ ಹೋದಳು. ಗಾಜಿನ ಬಾಗಿಲು, ಟೋಕನ್ ಕೊಡುವ ಪೆಟ್ಟಿಗೆ, ಒಂದಕ್ಕೊಂದು ಅಂಟಿಸಿದ ಕುರ್ಚಿಗಳು. ಕೌಂಟರಿನವನು ಮಷಿನ್ನನ್ನು ತಿರುಗಿಸಿ, ಹಿಂದೆ ಅಂಟಿಸಿದ್ದ ಚೀಟಿ ಓದಿ, ತಿರುಗಿಸಿದ ವೇಗದಲ್ಲೇ ವಾಪಸು ತಳ್ಳಿದ.

"ಕೆಟ್ಟಿದೆಯಾ ಮೇಡಮ್?"

"ಕೆಟ್ಟಿಲ್ಲ. ಈ ಕಡೆ ಗುಂಡಿ ಕೆಲಸ ಆ ಕಡೆಗೆ ಹೋಗಬೇಕು. ಅಷ್ಟೇ."

"ಅದು ಈ ಮಾಡೆಲಲ್ಲಿ ಬರಲ್ಲ. ಹೊಸದರಲ್ಲಿ ಬರುತ್ತೆ. ಇದಕ್ಕೆ ಸಪೋರ್ಟೂ ನಿಂತೋಗಿದೆ."

"ನಿಂತಿರೋದು ನಿಮ್ಮ ಸಪೋರ್ಟು. ಮಷಿನ್ ಓಡ್ತಾನೇ ಇದೆಯಲ್ಲಪ್ಪ."

ಅವನು ಇಂಥ ಮಾತು ದಿನಕ್ಕೆ ಹತ್ತು ಕೇಳುವವನು. "ಕಂಪನಿನೇ ಕೈಬಿಟ್ಟಿರೋದನ್ನ ನಾವೇನು ಮಾಡೋಕಾಗುತ್ತೆ?" ಎಂದ.

"ಅಂಗಿ ಹೊಲಿದೋನು ಅಂಗಡಿ ಮುಚ್ಚಿದ ಅಂತ ನೀವು ಹಾಕ್ಕೊಂಡಿರೋ ಅಂಗಿ ಬಿಚ್ಚಿ ಬಿಸಾಕ್ತೀರಾ? ಅದನ್ನ ನನ್ನ ಹತ್ತಿರ ತರ್ತೀರಿ. ನಾನು ಒಳಗಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡ್ತೀನಿ. ಇದರ ಹೊಲಿಗೆ ಯಾರು ಬಿಚ್ತಾರೆ ಹೇಳಿ."

ಕೌಂಟರಿನವನು ಈಗ ಸ್ವಲ್ಪ ಮುಂದಕ್ಕೆ ಬಾಗಿದ. ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬ ದನಿಯಲ್ಲಿ ಹೇಳಿದ. "ನೋಡಿ ಮೇಡಮ್, ಹೊರಗಡೆ ಯಾರಾದ್ರೂ ಲಿನಕ್ಸ್ ಹಾಕಿ, ಒಳಗಿನ ಸಿಸ್ಟಮ್ಮೇ ಬದಲಾಯಿಸಿ ಅಂತ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ. ಗೇಮಿಗೆ ಅಂತಲೇ ಮಾಡಿರೋ ಲಿನಕ್ಸ್ ಸಿಸ್ಟಮ್ ಒಂದು ಬಂದಿದೆ, ಒಂದು ಕಂಪನಿ ತನ್ನ ಮಷಿನ್ನಿಗೆ ಮಾಡ್ಕೊಂಡಿದ್ದು. ಈಗ ಜನ ಅದನ್ನ ಕಂಡಕಂಡ ಕಂಪನಿ ಮಷಿನ್ನಿಗೆಲ್ಲ ಹಾಕ್ತಿದಾರೆ. ಟಿವಿ ಕೆಳಗಿನ ಗೇಮ್ ಪೆಟ್ಟಿಗೇನೂ ಬಿಟ್ಟಿಲ್ಲ. ಗುಂಡಿಗಳನ್ನ ಬೇಕಾದ ಹಾಗೆ ಬದಲಾಯಿಸಬಹುದು ಅಂತಾರೆ. ಅದನ್ನೆಲ್ಲ ನಂಬಿ ಕೂತ್ರೆ ಇದು ಇಟ್ಟಿಗೆ ಆಗುತ್ತೆ ಅಷ್ಟೆ."

"ಇಟ್ಟಿಗೆ?"

"ಆನ್ ಆಗಲ್ಲ. ಕೈಯಲ್ಲಿ ಹಿಡ್ಕೊಂಡು ನೋಡ್ತಾ ಇರ್ಬೇಕು."

"ಆದ್ರೆ ಬಾಗಿಲಿಗೆ ಅಡ್ಡ ಇಡ್ತೀನಿ ಬಿಡಿ. ನಮ್ಮ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತೆ," ಎಂದು ಟೈಲರಮ್ಮ ಎದ್ದಳು. ಬಾಗಿಲ ಹತ್ತಿರ ನಿಂತು ತಿರುಗಿದಳು. "ಅದರ ಹೆಸರು ಇನ್ನೊಂದ್ಸಲ ಹೇಳಪ್ಪ. ಲಿನಕ್ಸಾ?"

ಬೇಡ ಎಂದು ಎಚ್ಚರಿಸಲು ಹೋಗಿ ದಾರಿಯನ್ನೇ ತೋರಿಸಿಬಿಟ್ಟೆನಲ್ಲ ಎಂದು ಅವನಿಗೆ ಅನಿಸಿತೋ ಇಲ್ಲವೋ.

ಆ ಮಧ್ಯಾಹ್ನ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಟೈಲರಮ್ಮ ಫೋನಿನಲ್ಲಿ ಹುಡುಕಿದಳು. ಅಂಥ ಮಷಿನ್ನುಗಳಿಗೆ ಈ ಸಿಸ್ಟಮ್ ಹಾಕುವವರದೇ ಒಂದು ಗುಂಪು ಸಿಕ್ಕಿತು. ಅದರಲ್ಲಿ ಇರುವ ಮಾತೆಲ್ಲ ಇಂಗ್ಲಿಷು. ಒದ್ದೆ ಬೆರಳು ಸೆರಗಿಗೆ ಒರೆಸಿಕೊಂಡು ಕನ್ನಡದಲ್ಲೇ ಬರೆದಳು: "ನನ್ನ ಹತ್ತಿರ ಮಷಿನ್ ಇದೆ. ಭಾನುವಾರದವರೆಗೆ ಸಮಯ ಇದೆ. ಇಂಗ್ಲಿಷ್ ಇಲ್ಲ. ಯಾರಾದರೂ ಇದ್ದೀರಾ?"

ಆಲೂಗಡ್ಡೆ ಬೇಯುವುದರೊಳಗೆ ಉತ್ತರ ಬಂತು. ಬರೆದವರ ಮುಖದ ಜಾಗದಲ್ಲಿ ಒಂದು ಛತ್ರಿಯ ಚಿತ್ರ. "ಇದ್ದೀನಿ ಅಮ್ಮ. ಬಸ್ ಡ್ರೈವರ್. ಡಿಪೋದಲ್ಲಿ ಗಾಡಿ ನಿಂತಾಗಲೆಲ್ಲ ಉತ್ತರ ಕೊಡ್ತೀನಿ. ಯಾವ ಮಷಿನ್ನು?"

ಶಾಲೆಯಿಂದ ಬಂದ ಚೂಟಿ ಚೀಲ ಇಳಿಸುತ್ತ ಕೇಳಿದಳು. "ಯಾರ ಜೊತೆ ಅಷ್ಟೊಂದು ಮಾತು?"

"ಛತ್ರಿ."

"ಯಾರನ್ನ ಬೈತಿದೀಯ?"

"ಬೈತಿಲ್ಲ ಕಣೇ. ಚಿತ್ರದಲ್ಲಿ ಛತ್ರಿ ಇದೆ, ಹೆಸರಿಲ್ಲ. ಮತ್ತೆ ಏನಂತ ಕರೀಲಿ?"

ಚೂಟಿಯ ತುಟಿಯ ಒಂದು ಕೊನೆ ಅಲುಗಿತು. ಮೇಜಿನ ಮೇಲಿದ್ದ ಮಷಿನ್ನಿನತ್ತ ಕಣ್ಣು ಹಾಯಿಸಿದವಳು, ತನಗೆ ಸಂಬಂಧವಿಲ್ಲ ಎಂಬಂತೆ ಒಳಗೆ ಹೋದಳು.

ಗುರುವಾರ ಛತ್ರಿ ಮೊದಲ ಆಜ್ಞೆ ಹೊರಡಿಸಿದ. ಎಲ್ಲಕ್ಕಿಂತ ಮುಂಚೆ ಮಷಿನ್ನಿನ ಅಡಿಯಿಂದ ಮೆಮೊರಿ ಕಾರ್ಡು ತೆಗೆದಿಡಬೇಕು. ಹೆಗ್ಗಣ ಅದರಲ್ಲಿದೆ; ಹೊಸ ಸಿಸ್ಟಮ್ ಕೂರುವಾಗ ಮಷಿನ್ನಿನ ಹೊಟ್ಟೆಯಲ್ಲಿರುವುದನ್ನೆಲ್ಲ ಗುಡಿಸಿಹಾಕುತ್ತದೆ. ಉಗುರಿನಷ್ಟು ಗಾತ್ರದ ಆ ಕಾರ್ಡನ್ನು ಟೈಲರಮ್ಮ ತನ್ನ ಗುಂಡಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಆ ಡಬ್ಬಿಯಲ್ಲಿ ಹಾಕಿದ್ದು ಆ ಮನೆಯಲ್ಲಿ ಯಾವತ್ತೂ ಕಳೆದದ್ದಿಲ್ಲ.

ಚೂಟಿಯ ಶಾಲೆಯ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿಗೆ ಸಿಸ್ಟಮ್ ಇಳಿಸಲು ಒಂದು ಪ್ಯಾಂಟಿನ ಕೆಳಪಟ್ಟಿ ಮಡಿಚಿ ಹೊಲಿಯುವಷ್ಟು ಹೊತ್ತು ಹಿಡಿಯಿತು. ಅದನ್ನು ಮಷಿನ್ನಿಗೆ ಚುಚ್ಚಿ, ದನಿ ತಗ್ಗಿಸುವ ಗುಂಡಿ ಒತ್ತಿ ಹಿಡಿದು, ಆನ್ ಮಾಡಬೇಕು. ಒತ್ತುವ ಮುಂಚೆ ಟೈಲರಮ್ಮನ ಕೈ ಒಂದು ಕ್ಷಣ ತಡೆಯಿತು. ಕತ್ತರಿ ಇಡುವ ಮುಂಚೆಯೂ ಹೀಗೇ ತಡೆಯುತ್ತದೆ. ಬಟ್ಟೆ ಬೇರೆಯವರದು, ತಪ್ಪಿದರೆ ಮರಳಿ ಬಾರದು. ತಡೆದು ತಡೆದು ಯಾವ ಬಟ್ಟೆಯೂ ಅಂಗಿಯಾಗುವುದಿಲ್ಲವಲ್ಲ. ಒತ್ತಿದಳು.

ಅಕ್ಷರಗಳು ಇರುವೆ ಸಾಲಿನಂತೆ ಹರಿದವು. ಮಷಿನ್ನು ಎರಡು ಸಲ ಆರಿ ಹತ್ತಿತು. ಮೂರನೇ ಸಲ ಪರದೆ ಬೆಳಗಿದಾಗ ಅದರಲ್ಲಿನ ಚಿತ್ರವೆಲ್ಲ ಪಕ್ಕಕ್ಕೆ ಹೊರಳಿ ಮಲಗಿತ್ತು. ಟೈಲರಮ್ಮ ಕತ್ತು ವಾಲಿಸಿ ನೋಡಿದಳು. ಫೋಟೋ ತೆಗೆದು ಕಳಿಸಿದಳು.

"ಭಯ ಬೇಡ ಅಮ್ಮ," ಎಂದು ಡಿಪೋದಿಂದ ಬಂತು. "ಅದು ಫೋನಿಗೆ ಮಾಡಿದ ಪರದೆ. ಉದ್ದಕ್ಕೆ ನಿಲ್ಲೋದನ್ನ ಅಡ್ಡ ಮಲಗಿಸಿ ಕೂರಿಸಿದ್ದಾರೆ."

"ಅಡ್ಡ ಎಳೆಗೆ ಕತ್ತರಿಸಿದ್ದಾರೆ ಅನ್ನಿ."

"ಅದೇ. ಒಂದು ಸಾಲು ಕಳಿಸ್ತೀನಿ, ಒಂದಕ್ಷರ ಬಿಡದೆ ಹಾಕಿ. ನೆಟ್ಟಗಾಗುತ್ತೆ."

ಹಳೆಯ ಕೀಬೋರ್ಡು ಚುಚ್ಚಿ, ನೂಲು ಪೋಣಿಸುವ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕುಟ್ಟಿದಳು. ಶುಕ್ರವಾರ ಬೆಳಿಗ್ಗೆ ಪಾತ್ರೆ ತೊಳೆದು ಬರುವಷ್ಟರಲ್ಲಿ ಪರದೆ ನೆಟ್ಟಗೆ ನಿಂತಿತ್ತು. ಬೆರಳಿಟ್ಟರೆ ತೆರೆಯುತ್ತಿತ್ತು, ಹಾಡುತ್ತಿತ್ತು. ಇಟ್ಟಿಗೆಯಂತೂ ಆಗಿರಲಿಲ್ಲ. ಆದರೆ ಆಟದ ಗುಂಡಿಗಳೂ ಅಣಬೆಗಳೂ ಒಂದು ಬಿಡದೆ ಸತ್ತುಹೋಗಿದ್ದವು. ಒತ್ತಿದರೆ ಟಿಕ್ ಎನ್ನುತ್ತವೆ, ಅಷ್ಟೇ. ಒಳಗೆ ಯಾರೂ ಓಗೊಡುವುದಿಲ್ಲ.

ಆ ಹೊತ್ತಿಗೆ ಸರಿಯಾಗಿ ಚೂಟಿ ಹಿಂದೆ ಬಂದು ನಿಂತಳು. "ಆಯ್ತಲ್ಲ ಈಗ. ಅತ್ತೆಗೆ ಏನಂತ ಹೇಳೋದು? ಕೊಡ್ತೀನಿ ಅಂದ ಸಾಮಾನು ಅಮ್ಮ ಹಾಳು ಮಾಡಿದ್ಲು ಅಂತಾನಾ?"

"ಹಾಗೇ ಹೇಳು."

"ನಾನು ಕೇಳಿದ್ನಾ ನಿನ್ನ? ನನಗೆ ಬೇಡ ಅಂತ ಎಷ್ಟು ಸಲ ಹೇಳ್ಬೇಕು?"

"ನೀನು ಬೇಡ ಅನ್ನು. ನಾನು ಬೇಕು ಅಂತೀನಿ. ಇಬ್ಬರಲ್ಲಿ ಯಾರ ಗಂಟಲು ಮೊದಲು ಸೋಲುತ್ತೋ ನೋಡೋಣ."

ಚೂಟಿ ದಡಕ್ಕನೆ ಬಾಗಿಲು ಎಳೆದುಕೊಂಡು ಶಾಲೆಗೆ ಹೋದಳು. ಸಿಟ್ಟಿನಿಂದ ಹೋದಳು ಎಂದು ಟೈಲರಮ್ಮನಿಗೆ ಒಳಗೊಳಗೇ ಹಿತವಾಯಿತು. ರದ್ದಿ ಪತ್ರಿಕೆಯ ಮುಖಕ್ಕಿಂತ ಸಿಟ್ಟಿನ ಮುಖ ಎಷ್ಟೋ ವಾಸಿ.

ಶನಿವಾರ ಬೆಳಿಗ್ಗೆ ಛತ್ರಿ ವಿಷಯ ಬಿಡಿಸಿ ಹೇಳಿದ. ಈ ಸಿಸ್ಟಮ್ ಹತ್ತಾರು ಕಂಪನಿಯ ಮಷಿನ್ನುಗಳನ್ನು ಗುರುತು ಹಿಡಿಯುತ್ತದೆ. ಯಾವ ಮಷಿನ್ನಿಗೆ ಎಲ್ಲಿ ಯಾವ ಗುಂಡಿ ಎಂದು ಒಂದು ಪಟ್ಟಿ ಇದೆ. ಇವರ ಮಷಿನ್ನು ಆ ಪಟ್ಟಿಯಲ್ಲೇ ಇಲ್ಲ. ಯಾರೋ ಒಬ್ಬರು ಮೊದಲು ಸೇರಿಸಬೇಕು.

"ಆ ಯಾರೋ ನೀವೇ ಆಗಿ ಅಮ್ಮ. ಹದಿನಾರು ಪ್ರಶ್ನೆ ಕನ್ನಡ ಮಾಡಿ ಕಳಿಸಿದೀನಿ. ಸಿಸ್ಟಮ್ ಒಂದೊಂದೇ ಕೇಳುತ್ತೆ, ಕೇಳಿದ ಗುಂಡಿ ಒತ್ತಿ. ಒಂದು ಫೈಲ್ ಆಗುತ್ತೆ. ಅದನ್ನ ನನಗೆ ಕಳಿಸಿ, ನಾನು ಗುಂಪಿಗೆ ಹಾಕ್ತೀನಿ. ನಿಮ್ಮ ಗುಂಡಿಗೆ ಗಟ್ಟಿ ಇದೆ, ಮಾಡ್ತೀರಿ."

"ದಿನಕ್ಕೆ ನೂರು ಗುಂಡಿ ಹೊಲಿಯೋಳು ನಾನು. ಗುಂಡಿಗೆ ಗಟ್ಟಿ ಇಲ್ದೆ ಆಗುತ್ತಾ?"

ಮಷಿನ್ನನ್ನು ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಪಕ್ಕದಲ್ಲಿ ಪ್ರಶ್ನೆಗಳ ಚೀಟಿ. ಎಡಗಡೆಯ ಅಣಬೆ, ಮೇಲಕ್ಕೆ. ಎಡಗಡೆಯ ಅಣಬೆ, ಎಡಕ್ಕೆ. ಎಡಗಡೆಯ ನಾಲ್ಕು ಗುಂಡಿಯಲ್ಲಿ ಕೆಳಗಿನದು. ಬಲಗಡೆಯ ನಾಲ್ಕರಲ್ಲಿ ಮೇಲಿನದು. ಒಂದೊಂದಕ್ಕೂ ಸೀಮೆಸುಣ್ಣದಿಂದ ಗುರುತು ಹಾಕುತ್ತ, ಅಳತೆ ತೆಗೆಯುವಷ್ಟೇ ಶ್ರದ್ಧೆಯಿಂದ ಒತ್ತಿದಳು. ಹದಿನಾರೂ ಮುಗಿದಾಗ ಪರದೆಯ ಮೇಲೆ ಹಸಿರು ಗುರುತು ಮೂಡಿತು. ಫೈಲನ್ನು ಛತ್ರಿಗೆ ಕಳಿಸಿ, ಗುಂಡಿ ಡಬ್ಬಿಯಿಂದ ಕಾರ್ಡು ತೆಗೆದು ಮಷಿನ್ನಿಗೆ ತೂರಿಸಿದಳು. ಗೋಡೆಗೆ ಒರಗಿದ್ದ ಹೆಗ್ಗಣ ಪರದೆಯ ಮೇಲೆ ಗೊರಕೆ ಹೊಡೆಯಿತು.

ಅರ್ಧ ದಿನದ ಶಾಲೆ ಮುಗಿಸಿ ಬಂದ ಚೂಟಿಯ ಮುಂದೆ ಅದನ್ನು ಇಟ್ಟು, "ನಡೀತಿದೆಯಾ ನೋಡು. ನಾಳೆ ಅತ್ತೆಗೆ ಕೆಟ್ಟದ್ದು ಕೊಡೋದು ಬೇಡ," ಎಂದಷ್ಟೇ ಹೇಳಿ ಕೋಟಿಗೆ ಕಾಜಾ ಹಾಕಲು ಕೂತಳು. ಕಣ್ಣು ಕಾಜಾದ ಮೇಲೆ, ಕಿವಿ ಮಾತ್ರ ಮಗಳ ಕಡೆ.

ಚೂಟಿ ಬೇಸರದಿಂದ ಕೈಗೆತ್ತಿಕೊಂಡಳು. ಎಡ ಹೆಬ್ಬೆರಳಿನಿಂದ ಎಡದ ಅಣಬೆ ತಳ್ಳಿದಳು. ಹೆಗ್ಗಣ ಕದಲಲಿಲ್ಲ. "ನಡೆಯೋದೇ ಇಲ್ಲ ಇದು," ಎಂದು ಕೆಳಗಿಡಲು ಹೋದಾಗ ಬಲ ಹೆಬ್ಬೆರಳು ಬಲದ ಅಣಬೆಗೆ ತಗುಲಿತು. ಹೆಗ್ಗಣ ಎದ್ದು ಕೂತಿತು. ಬಲಕ್ಕೆ ಸರಿಸಿದಳು, ಅದು ಎಡಕ್ಕೆ ಓಡಿ ಗೋಡೆಗೆ ತಲೆ ಚಚ್ಚಿಕೊಂಡಿತು. ಎಡಕ್ಕೆ ಸರಿಸಿದಳು, ಬಲಕ್ಕೆ ಓಡಿ ಇನ್ನೊಂದು ಗೋಡೆಗೆ ಹೋಗಿ ಗುದ್ದಿತು.

ಚೂಟಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಅಮ್ಮಾ, ಎಡ ಯಾವ ಕಡೆ ಅಂತ ಒತ್ತಿದೆ ನೀನು?"

"ಎಡ ಅಂದ್ರೆ ಎಡ. ಇನ್ಯಾವ ಕಡೆ?"

"ಮಷಿನ್ನಿನ ಎಡ ಅಲ್ವಾ! ಅದು ನಿನ್ನ ಎದುರಿಗೆ ಅಂಗಿ ಹಾಕ್ಕೊಂಡು ನಿಂತಿದೆ ಅಂದ್ಕೊಂಡ್ಯಾ? ಎಲ್ಲಾ ತಿರುವುಮುರುವು ಮಾಡಿಟ್ಟಿದೀಯ! ಈ ಕಡೇದೆಲ್ಲ ಆ ಕಡೆ, ಆ ಕಡೇದೆಲ್ಲ ಈ..."

ಅವಳು ತನ್ನ ಎರಡೂ ಹೆಬ್ಬೆರಳು ನೋಡಿಕೊಂಡಳು.

ಟೈಲರಮ್ಮ ಸೂಜಿ ಎಳೆದಿದ್ದವಳು ಹಾಗೇ ಹಿಡಿದು ಕೂತಳು. ಚೂಟಿ ತನ್ನ ಎಡ ಹೆಬ್ಬೆರಳನ್ನು ಎಡಗಡೆಯ ನಾಲ್ಕು ಗುಂಡಿಗಳ ಮೇಲೆ ನಿಧಾನಕ್ಕೆ ಇಟ್ಟಳು. ಕೆಳಗಿನದನ್ನು ಒತ್ತಿದಳು. ಹೆಗ್ಗಣ ಅಗೆಯಿತು. ಮೇಲಿನದು. ಕಲ್ಲು ಪುಡಿಯಾಯಿತು. ಪಕ್ಕದ್ದು. ದೀಪ ಹತ್ತಿತು. ಬಲ ಹೆಬ್ಬೆರಳನ್ನು ಅಣಬೆಯ ಮೇಲಿಟ್ಟು ಅತ್ತಿತ್ತ ಸರಿಸಿದಳು. ಅದು ಒತ್ತಲಾರದ ಬೆರಳು, ಸರಿಸಬಲ್ಲ ಬೆರಳು. ಅಣಬೆಗೆ ಬೇಕಾದದ್ದೂ ಅಷ್ಟೇ. ಹೆಗ್ಗಣ ತಪ್ಪು ದಿಕ್ಕಿಗಾದರೂ ನಡೆಯಿತು, ಅಗೆಯಿತು, ನಡೆಯಿತು.

ಆಮೇಲೆ ಚೂಟಿ, "ಆ ಫೈಲ್ ಎಲ್ಲಿದೆ?" ಎಂದು ಕೇಳಿದಳು. ಕೀಬೋರ್ಡು ತಾನೇ ಎಳೆದುಕೊಂಡಳು. ಅಣಬೆಯ ಸಾಲಿನಲ್ಲಿ ಎಡ ಬಲ ಅದಲುಬದಲಾಗಿದ್ದುದನ್ನು ಎಡಗೈಯ ಒಂದೇ ಬೆರಳಿನಿಂದ ತಿದ್ದಿದಳು. ಈಗ ಬಲಕ್ಕೆ ತಳ್ಳಿದರೆ ಹೆಗ್ಗಣ ಬಲಕ್ಕೇ ಹೋಯಿತು. ಉಳಿದ ಒಂದು ಸಾಲನ್ನೂ ಅವಳು ಮುಟ್ಟಲಿಲ್ಲ. ತಿದ್ದಿದ್ದನ್ನು ಮೊದಲಿನದರ ಬದಲು ಛತ್ರಿಗೆ ಕಳಿಸಿದಳು.

ಭಾನುವಾರ ಬೆಳಿಗ್ಗೆ ಬಿಸಿಲು ಮೇಜಿಗೆ ಬರುವ ಹೊತ್ತಿಗೆ ಛತ್ರಿಯ ಸಂದೇಶ ಬಂತು. ಬರೆದ ರೀತಿಯಲ್ಲೇ ಸಂಕೋಚ. "ಅಮ್ಮ, ನಿಮ್ಮ ಫೈಲ್ ಗುಂಪಿನವರು ವಾಪಸ್ ಕಳಿಸಿದ್ದಾರೆ. ಎಡ ಬಲ ತಿರುವುಮುರುವಾಗಿದೆಯಂತೆ. ಪಟ್ಟಿ ನೋಡ್ಕೊಳ್ಳೋರು ತುಂಬ ಕಟ್ಟುನಿಟ್ಟು. ತಪ್ಪು ಫೈಲ್ ಅಳಿಸಿ, ಸರಿಯಾದದ್ದು ಕಳಿಸಿ ಅಂತಿದ್ದಾರೆ."

ಚೂಟಿ ಫೋನು ಕಸಿದುಕೊಂಡಳು. ಟೈಲರಮ್ಮ ಹೇಳುವ ಮುಂಚೆಯೇ ಬೆರಳು ಓಡುತ್ತಿತ್ತು. ಬರೆಯುತ್ತ ಗಟ್ಟಿಯಾಗಿ ಓದಿದಳು. "ನಾನು ಅಮ್ಮನ ಮಗಳು. ಸರಿಯಾದ ಫೈಲ್ ಇವತ್ತೇ ಮಾಡಿ ಕಳಿಸ್ತೀನಿ, ಎರಡು ಕೈಯೂ ಸರಿ ಇರೋರಿಗೆ ಅದು. ಆದ್ರೆ ಇದನ್ನ ಅಳಿಸಬೇಡಿ. ಇದು ತಪ್ಪಲ್ಲ. ಬಲ ಹೆಬ್ಬೆರಳು ಒತ್ತೋಕೆ ಬರದೇ ಇರೋರಿಗೆ ಇದು ಸರಿಯಾಗಿದೆ. ನಾನು ಆಡಿ ನೋಡಿದೀನಿ. ನೀವು ಆಡಿ ನೋಡಿದ್ದೀರಾ?"

"ಆಡಿ ನೋಡಿದ್ದೀರಾ ಅಂತ ಸ್ವಲ್ಪ ಮೆತ್ತಗೆ ಕೇಳಬಾರದಾ?" ಎಂದಳು ಟೈಲರಮ್ಮ.

"ಬೇಡ. ಹಾಗೇ ಇರಲಿ."

ಕಳಿಸಿದ ಟಿಂಗ್ ಸದ್ದು ಆರುವ ಮುಂಚೆ ಬಾಗಿಲು ಬಡಿಯಿತು. ನಾದಿನಿ ಬಂದಿದ್ದಳು. ಹೆಗಲಿಗೆ ದೊಡ್ಡದೊಂದು ಬಟ್ಟೆ ಚೀಲ, ಮುಖದ ತುಂಬ ನಗು.

"ಏನ್ ಅತ್ತಿಗೆ, ಭಾನುವಾರಾನೂ ಬಿಡುವಿಲ್ವಾ ನಿಮಗೆ? ನನ್ನ ಮಗಳು ಬೆಳಿಗ್ಗೆಯಿಂದ ಕುಣೀತಿದಾಳೆ. ಎಲ್ಲಮ್ಮ ಚೂಟಿ, ಕಟ್ಟಿಟ್ಟಿದೀಯಾ?"

ಚೂಟಿ ಅಮ್ಮನ ಕಡೆ ನೋಡಿದಳು. ಟೈಲರಮ್ಮ ಆ ನೋಟ ಕಂಡಳು. ಮೆತ್ತೆಯಿಂದ ಎರಡು ಗುಂಡುಸೂಜಿ ಕಿತ್ತು ಬಾಯಲ್ಲಿ ಕಚ್ಚಿಕೊಂಡು, ತಲೆ ತಗ್ಗಿಸಿ ಕೋಟಿನ ತೋಳು ಹಿಡಿದಳು. ಆ ತೋಳಿಗೆ ಆಗಬೇಕಾದ ಕೆಲಸ ಏನೂ ಇರಲಿಲ್ಲ.

"ಕೊಡಲ್ಲ ಅತ್ತೆ," ಎಂದಳು ಚೂಟಿ.

"ಅಯ್ಯೋ! ನೀನೇ ಅಲ್ವೇನೇ ಫೋನ್ ಮಾಡಿದ್ದು?"

"ಹೂಂ. ಆಗ ಕೊಡ್ತೀನಿ ಅಂದಿದ್ದೆ. ಈಗ ಕೊಡಲ್ಲ ಅಂತಿದೀನಿ. ಎರಡೂ ನಾನೇ ಹೇಳಿರೋದು."

"ನೋಡಿದ್ರಾ ಅತ್ತಿಗೆ, ಹೇಗೆ ಮಾತಾಡ್ತಾಳೆ!" ಅತ್ತಿಗೆಯ ಬಾಯಲ್ಲಿ ಸೂಜಿ. ನಾದಿನಿ ತಿರುಗಿ ದನಿ ತಗ್ಗಿಸಿದಳು. "ಅಲ್ಲ ಪುಟ್ಟಾ, ಬೇಜಾರು ಮಾಡ್ಕೋಬೇಡ. ಪಾಪ, ಆ ಕೈ ಇಟ್ಕೊಂಡು ನೀನು ಹೇಗೆ..."

"ಈ ಕೈ ನಡೆಯುತ್ತೆ ಅತ್ತೆ. ಅಗೆಯೋದು ಆ ಕೈ. ನೋಡಿ ಇಲ್ಲಿ."

ನಾದಿನಿ ಬಾಗಿ ನೋಡಿದಳು. ಹೆಗ್ಗಣ ಒಂಬತ್ತನೇ ಬಿಲದ ಬಾಗಿಲಲ್ಲಿ ಕಲ್ಲು ಒಡೆಯುತ್ತಿತ್ತು. ಪಕ್ಕದಲ್ಲಿ ಇನ್ನೂ ಮೂರು ದೀಪಗಳು ಓಡಿ ಬಂದವು. ಗೆಳತಿಯರು ಯಾವಾಗ ಸೇರಿಕೊಂಡರೋ. ಒಂದು ಹೆಗ್ಗಣದ ತಲೆಯ ಮೇಲೆ ಮಾತು ಮೂಡಿತು: "ಸೋಮಾರಿ ಎದ್ದಳು!" ನಾದಿನಿಗೆ ಆಟ ಅರ್ಥವಾಗಲಿಲ್ಲ. ಮಗುವಿನ ಹೆಬ್ಬೆರಳು ಅಣಬೆಯ ಮೇಲೆ ಸರಸರ ಸರಿಯುವುದು ಮಾತ್ರ ಕಂಡಿತು. ಅದನ್ನೇ ನೋಡುತ್ತ ಕುರ್ಚಿಯಲ್ಲಿ ಕೂತಳು. ಚೀಲ ಹೆಗಲಿನಿಂದ ತಾನಾಗಿ ಜಾರಿತು.

"ನನ್ನ ಮಗಳಿಗೆ ಈಗ ಏನು ಹೇಳ್ಲಿ?" ಎಂದಳು ಸ್ವಲ್ಪ ಹೊತ್ತಿನ ಮೇಲೆ. ದನಿಯಲ್ಲಿ ಜಗಳವಿರಲಿಲ್ಲ.

"ನಿಮ್ಮನೇಲಿ ಟಿವಿ ಕೆಳಗಿತ್ತಲ್ಲ ಒಂದು ಗೇಮ್ ಪೆಟ್ಟಿಗೆ? ಸಪೋರ್ಟ್ ನಿಂತೋಯ್ತು ಅಂತ ಮೂಲೆಗೆ ಹಾಕಿದೀರಲ್ಲ, ಅದು."

"ಅದಾ? ಅದರ ಮೇಲೆ ಹೂಕುಂಡ ಇಟ್ಟಿದೀನಿ."

"ಕುಂಡ ಇಳಿಸಿ ಅದನ್ನ ತಗೊಂಡು ಬನ್ನಿ. ನಾವು ಹಾಕಿಕೊಡ್ತೀವಿ. ಅವಳನ್ನೂ ಕರ್ಕೊಂಡು ಬನ್ನಿ, ಐದನೇ ಹೆಗ್ಗಣಕ್ಕೆ ಜಾಗ ಇದೆ."

ಫೋನು ಟಿಂಗ್ ಎಂದಿತು. ಚೂಟಿ ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ಓದಿದಳು. ಛತ್ರಿ ಬರೆದಿದ್ದ. "ಪಟ್ಟಿಯವರು ಈಗಲೂ ಗೊಣಗ್ತಿದ್ದಾರೆ. ಆದ್ರೆ ನಿನ್ನ ಮಾತು ಇಂಗ್ಲಿಷ್ ಮಾಡಿ ಹಾಕಿದ್ದೆ, ಅದನ್ನ ಓದಿ ಗುಂಪಲ್ಲಿ ಇಬ್ಬರು ಎದ್ದು ಕೂತಿದ್ದಾರೆ, ಅವರಿಗೂ ಬಲ ಹೆಬ್ಬೆರಳು ಒತ್ತೋಕೆ ಬರಲ್ವಂತೆ. ಅವರಿಬ್ಬರೂ ಅಳಿಸೋಕೆ ಬಿಡಲ್ಲ ಅಂತ ಪಟ್ಟು ಹಿಡಿದಿದ್ದಾರೆ, ನಾನೂ ಸೇರ್ಕೊಂಡಿದೀನಿ. ಕೊನೆಗೆ ಕೇಳ್ತಿದ್ದಾರೆ, ಇಡೋದಾದ್ರೆ ಹೆಸರು ಏನಂತ ಇಡೋದು ಅಂತ."

"ಅಮ್ಮಾ, ಹೆಸರು?"

ಅಮ್ಮನ ಬಾಯಲ್ಲಿ ಇನ್ನೂ ಸೂಜಿ ಇತ್ತು. ಅವಳು ತನ್ನ ಎದುರಿಗಿದ್ದ ಕೋಟಿನ ಎಡ ಎದೆಯ ಮೇಲೆ, ಅಂದರೆ ತನ್ನ ಬಲಗಡೆಗೆ, ಎರಡು ಸಲ ಬೆರಳು ತಟ್ಟಿದಳು.

"ತೊಟ್ಟವರ ಎಡ," ಎಂದು ಚೂಟಿ ಬರೆದಳು.

ನಾದಿನಿ ಚೀಲ ಮಡಿಚಿ ಎದ್ದಳು. ಬಾಗಿಲವರೆಗೆ ಹೋದವಳಿಗೆ ಅನುಮಾನ ಬಂತು. "ಅಲ್ಲ ಅತ್ತಿಗೆ, ಯಾರೋ ಹೇಳ್ತಿದ್ರು, ಹೀಗೆಲ್ಲ ಮಾಡಿದ್ರೆ ಇಟ್ಟಿಗೆ ಆಗಿಬಿಡುತ್ತಂತೆ. ನಮ್ಮದೂ ಆಗಿಬಿಟ್ರೆ?"

ಟೈಲರಮ್ಮ ಈಗ ಸೂಜಿ ತೆಗೆದಳು.

"ಆದ್ರೆ ಆಗಲಿ, ಈಗಲೂ ಕುಂಡ ಇಡೋಕೇ ತಾನೇ ಇರೋದು? ಹೋಗಿ ತಗೊಂಡು ಬಾ. ಕಾರ್ಡ್ ಇದ್ರೆ ಮೊದಲು ಅದನ್ನ ತೆಗೆದು ಜೋಪಾನ ಮಾಡು."